ಡಬ್ಬಿಯ ಮುಚ್ಚಳದ ದಾರ

ನೇಸರಗಿ
೧೮ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ಅನ್ನಪೂರ್ಣಾ,

ಹೆಸರು ಹಿಡಿದು ಕರೆದನಲ್ಲ ಎಂದು ಗಾಬರಿಯಾಗಬೇಡ. ಲಗ್ನವಾದಂದಿನಿಂದ ನಿನ್ನನ್ನು ‘ಏ, ಎಲ್ಲಿದ್ದೀ’ ಎಂದೇ ಕರೆದವನು ನಾನು. ಕಾಗದದ ಮೇಲೆ ಹಾಗೆ ಬರೆದರೆ ನಿನ್ನ ತಮ್ಮ ವೀರಪ್ಪನ ಮನೆಯಲ್ಲಿ ಕೂಡಿರುವ ಹೆಂಗಸರಲ್ಲಿ ಯಾರು ಬೇಕಾದರೂ ಓ ಎಂದಾರು, ಅದಕ್ಕೆ ಹೆಸರು. ನಿನ್ನ ಮೊಣಕಾಲು ಹೇಗಿದೆ? ರಾಮದುರ್ಗದ ಬಿಸಿಲು ನಮ್ಮೂರಿಗಿಂತ ಒಂದು ಕೈ ಹೆಚ್ಚು, ನೀರು ಕುಡಿಯುತ್ತಿರು. ವೀರಪ್ಪ ಆರಾಮ ಇದ್ದಾನೆಯೇ? ಅವನ ಮಗ, ಮದುಮಗ ಶಿವಲಿಂಗ ಈಗಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಅಥವಾ ಫೋನು ಹಿಡಿದುಕೊಂಡೇ ಇರುತ್ತಾನೋ? ಮದುವೆಯ ಶಾವಿಗೆ ಎಲ್ಲಿಯವರೆಗೆ ಬಂತು? ನಾನು, ನಿನ್ನ ಮಗ ಸಚಿನ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಮೈ ಚೆನ್ನಾಗಿದೆ. ನನ್ನ ಎದೆ ಮಾತ್ರ ಶನಿವಾರದಿಂದ ತಾಳ ತಪ್ಪಿದೆ.

ಇಷ್ಟು ದೊಡ್ಡ ಅಕ್ಷರ ಯಾಕೆ, ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಯಾಕೆ ಬರೆದೆ ಎಂದು ಈಗಲೇ ಕೇಳಬೇಡ. ಸಚಿನ ತನ್ನ ಬೀಜದ ಅಂಗಡಿಯಿಂದ ತಂದ ಕಪ್ಪು ಮಾರ್ಕರ್ ಪೆನ್ನು ಇದು. ನಾನು ಕಂಡಕ್ಟರ್ ಆಗಿದ್ದಾಗ ಬಸ್ಸಿನ ಬೋರ್ಡು ಅಳಿಸಿಹೋದರೆ ಸೀಮೆಸುಣ್ಣದಲ್ಲಿ ‘ರಾಮದುರ್ಗ’ ಎಂದು ಬರೆಯುತ್ತಿದ್ದೆನಲ್ಲ, ಅದೇ ಅಳತೆಯ ಅಕ್ಷರ. ಸುರುಳಿ ಸುತ್ತಿ, ರಾಮದುರ್ಗದ ಬಸ್ಸಿನ ಕಂಡಕ್ಟರ್ ನೀಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾರ ಕೈಗೂ ಕೊಟ್ಟು ಓದಿಸಬೇಡ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ, ಶಾವಿಗೆ ಕಾಯುತ್ತೇನೆಂದು ಮಾಳಿಗೆ ಹತ್ತಿ, ನೆರಳಿನಲ್ಲಿ ಕುಳಿತು ನೀನೇ ಓದು. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ಮನೆಮಂದಿಯೆಲ್ಲ ಕೇಳುತ್ತಾರೆ. ಬೇಡದ ಮಾತು ಬಂದರಂತೂ “ಕೇಳಸವಲ್ದು, ಇಡ್ರಿ” ಎಂದು ಮುಗಿಸಿಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನೀನು ಹೋದ ಮಾರನೆಯ ದಿನವೇ ನಾನು ಹಾಲು ಒಲೆಯ ಮೇಲಿಟ್ಟು ಹೊರಗೆ ಯಾರದೋ ಟ್ರ್ಯಾಕ್ಟರ್ ನೋಡುತ್ತ ನಿಂತದ್ದು ನಿನಗೆ ಗೊತ್ತೇ ಇದೆ. ಬೋಗುಣಿಯ ತಳ ಡಾಂಬರು ಬಳಿದ ಹಾಗೆ ಆಗಿತ್ತು. ಎಸೆದುಬಿಡಲೇ ಎಂದು ಫೋನು ಮಾಡಿದರೆ ನೀನು ನಕ್ಕು, “ನೀರ ಹಾಕ್ರಿ, ಮ್ಯಾಲೆ ಅಡಗಿ ಸೋಡಾ ಉದರಸ್ರಿ, ಕುದಿಯಾಕ ಬಿಡ್ರಿ. ತಿಕ್ಕಾಕ ಹೋಗಬ್ಯಾಡ್ರಿ, ತಾನ ಬಿಡತೈತಿ” ಎಂದೆ. ನಾನು ನಂಬಲಿಲ್ಲ. ಒಲೆಯ ಮುಂದೆ ಕೈಕಟ್ಟಿ ನಿಂತು ನೋಡಿದೆ. ನೀರು ಬುಸ್ಸೆಂದು ನೊರೆ ಉಕ್ಕಿಸಿತು, ಆಮೇಲೆ ಆ ಕಪ್ಪು ಚಕ್ಕೆ ಚಕ್ಕೆಯಾಗಿ ತಾನಾಗಿಯೇ ಮೇಲೆ ತೇಲಿತು. ನಾನು ದಂಗಾಗಿ ಹೋದೆ. ಇಷ್ಟು ವರ್ಷ ನನ್ನದೇ ಮನೆಯಲ್ಲಿ ಹೀಗೆಲ್ಲ ನಡೆಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು, ನೀನೇ ಹಿಡಿಸಿದೆ. ದಿನಕ್ಕೊಂದು ಫೋನು. ತಾಮ್ರದ ಹಂಡೆಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ, ಒಳಗಿನಿಂದ ಹೊಸ ಹಂಡೆಯೇ ಹೊರಬಂತು. ಕೈತೊಳೆಯುವ ತೊಟ್ಟಿಗೆ ಹಿಂಡಿದ ಲಿಂಬೆಯ ಸಿಪ್ಪೆ, ಸೋಡಾ. ನನ್ನ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಪ್ಪಾಗಿತ್ತು. ಅದಕ್ಕೆ ಸಚಿನ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಚಪಾತಿ ಸುತ್ತುವ ಬೆಳ್ಳಿಬಣ್ಣದ ಫಾಯಿಲ್ ಹಾಳೆಯಲ್ಲಿಟ್ಟು ಕುದಿಸೋಣ ಎಂದ. ನೀನು ಅಲ್ಲಿಂದಲೇ ಗದರಿದೆ: “ಅದರಾಗ ಲಿಂಗ ಇಡತೀರಿ, ಕುದಸ್ತೀರೇನ? ಒಣ ವಿಭೂತಿ ಹಚ್ಚಿ ಅರಬಿಲೆ ತಿಕ್ರಿ.” ವಿಭೂತಿ ಹಚ್ಚಿ ಬಟ್ಟೆಯಿಂದ ತಿಕ್ಕಿದೆ, ಕರಡಿಗೆಯಲ್ಲಿ ನನ್ನ ಮೀಸೆ ಕಂಡಿತು. ಸಚಿನ ತನ್ನ ಫೋನನ್ನು ಕಿಸೆಯಲ್ಲಿ ಇಟ್ಟುಕೊಂಡು ಅಂಗಡಿಗೆಂದು ಯರಗಟ್ಟಿಯ ಬಸ್ಸು ಹತ್ತಿದ. ಹಾಗಾದರೆ ಯುಗಾದಿಯ ಮನೆ ತೊಳೆಯುವ ಕೆಲಸ ಪೂರ್ತಿ ನಾನೇ ಮುಗಿಸಿ, ನೀನು ಬಂದು ಹೊಸ್ತಿಲಲ್ಲೇ ಕಣ್ಣರಳಿಸಿ ನಿಲ್ಲಬೇಕು ಎಂದು ತೀರ್ಮಾನಿಸಿದೆ. ಕಣ್ಣರಳಿಸಿ ಎಂದೇ ಅಂದುಕೊಂಡಿದ್ದೆ ನೋಡು.

ಅಲ್ಲಿಂದ ಶುರುವಾಯಿತು ಆಶ್ಚರ್ಯ. ಅನ್ನಪೂರ್ಣಾ, ನಿನ್ನ ಮನೆ ಹೊಲಸಾಗಿತ್ತು. ಸಿಟ್ಟಾಗಬೇಡ, ಪೂರ್ತಿ ಕೇಳು. ನೇಸರಗಿಯಲ್ಲಿ ನಿನ್ನ ಅಡುಗೆಮನೆಯ ಮುಂದೆ ಬೇರೆಯವರು ಚಪ್ಪಲಿಯನ್ನಷ್ಟೇ ಅಲ್ಲ, ಮಾತನ್ನೂ ಹೊರಗೆ ಬಿಟ್ಟು ಬರುತ್ತಿದ್ದರು. ಅಂಥವಳ ಚಹಾದ ಬಿಳಿ ಕಪ್ಪುಗಳ ಒಳಗೆ ಕಂದು ಗೆರೆಗಳು. ಕಟ್ಟೆಯ ಮೇಲೆ ಅರಿಶಿನದ ಕಲೆ, ಅದೂ ಹಳೆಯದು. ಕನ್ನಡಿಯ ಮೇಲೆ ನೀರಿನ ಚುಕ್ಕೆಗಳು. ತೊಲೆಯ ಮೂಲೆಯಲ್ಲಿ ಜೇಡರ ಬಲೆ, ಅದರಲ್ಲಿ ಎರಡು ತಲೆಮಾರಿನ ಜೇಡಗಳು. ನನಗೆ ಖುಷಿಯೋ ಖುಷಿ. ಸಿಕ್ಕಿಬಿದ್ದಳು, ಇನ್ನು ನನ್ನ ಬನಿಯನ್ನಿನ ಮೇಲೆ ಕಲೆ ಇದೆ ಎಂದು ಕೂಗಾಡುವ ಹಕ್ಕು ಇವಳಿಗಿಲ್ಲ ಎಂದುಕೊಂಡೆ. ನೀನು ಬಂದ ದಿನ ಏನೇನು ಆಡಿಕೊಳ್ಳಬೇಕು ಎಂದು ಮಾತು ಕೂಡ ಜೋಡಿಸಿಟ್ಟುಕೊಂಡೆ. ಕಪ್ಪುಗಳಿಗೆ ಉಪ್ಪು ಹಚ್ಚಿದ ಲಿಂಬೆಯ ಸಿಪ್ಪೆ, ಕನ್ನಡಿಗೆ ಒದ್ದೆ ಪೇಪರು, ಅರಿಶಿನಕ್ಕೆ ಸೋಡಾದ ಹಿಟ್ಟು, ಎಲ್ಲ ನೀನೇ ಕಲಿಸಿದ್ದು. ತಿಕ್ಕುತ್ತ ತಿಕ್ಕುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಪಾತ್ರೆಗಳ ತಳ ನುಣ್ಣಗೆ ಇತ್ತು. ಒಲೆಯ ಹಿಂದಿನ ಜಿಡ್ಡು ಇರಲಿಲ್ಲ. ನೆಲದಲ್ಲಿ ಒಂದು ಹರಳು ಕಾಲಿಗೆ ಸಿಗುತ್ತಿರಲಿಲ್ಲ. ಕೈಗೆ ತಾಗುವ ಕೊಳೆ ಎಲ್ಲೂ ಇಲ್ಲ, ಕಣ್ಣಿಗೆ ಮಾತ್ರ ಕಾಣುವ ಕೊಳೆ ಎಲ್ಲ ಕಡೆ. ಇದೆಂಥ ಸ್ವಚ್ಛತೆ ಎಂದು ಒಂದು ಗಳಿಗೆ ಯೋಚಿಸಿ, ಮುಂದಿನ ಕೆಲಸಕ್ಕೆ ಹೋದೆ. ಅಲ್ಲಿಯೇ ನಿಂತು ಇನ್ನೊಂದು ಗಳಿಗೆ ಯೋಚಿಸಿದ್ದರೆ ಆಗುತ್ತಿತ್ತು.

ಶನಿವಾರ ಡಬ್ಬಿಗಳ ಸರದಿ. ‘ಚಹಾಪುಡಿ’ ಎಂದು ಬರೆದ ಡಬ್ಬಿಯಲ್ಲಿ ಸೋಡಾ, ‘ಸಕ್ಕರೆ’ ಎಂದದ್ದರಲ್ಲಿ ರಂಗೋಲಿ ಪುಡಿ, ‘ರವೆ’ಯಲ್ಲಿ ಉಪ್ಪು. ಅದೂ ಸಾಲದೆಂದು ಮುಚ್ಚಳಗಳ ಕುತ್ತಿಗೆಗೆ ಎಣ್ಣೆ ಹಿಡಿದ ಹತ್ತಿಯ ದಾರ. ಒಂದಕ್ಕೆ ಒಂದೇ ಸುತ್ತು, ಒಂದಕ್ಕೆ ಎರಡು, ಒಂದಕ್ಕೆ ಸುತ್ತಿನ ಮೇಲೆ ದಪ್ಪ ಗಂಟು, ಒಂದಕ್ಕೆ ದಾರವೇ ಇಲ್ಲ. ಇಷ್ಟು ಹೊಲಸು ದಾರ ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಬ್ಲೇಡು ತಂದು ಎಲ್ಲವನ್ನೂ ಕಡಿದು ಹಾಕಿದೆ. ಹಿತ್ತಲಿನ ನೀರೊಲೆಗೆ ಎಸೆದೆ, ಜಿಡ್ಡು ಇತ್ತಲ್ಲ, ಚೆನ್ನಾಗಿ ಉರಿದವು. ಡಬ್ಬಿಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ ತೊಳೆದು, ಒಣಗಿಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಸಚಿನ ಅಂಗಡಿಗೆ ಹೋಗುವ ಮೊದಲು ಚೆಂದದ ಚೀಟಿ ಬರೆದು ಅಂಟಿಸಿದ. ಫೋಟೊ ತೆಗೆದು ವೀರಪ್ಪನ ಫೋನಿಗೆ ಕಳಿಸಿ, ನಿನಗೆ ತೋರಿಸಲು ಹೇಳಿದೆ. ನೀನು ಬೈಯುತ್ತೀ ಎಂದು ಕಾಯುತ್ತಿದ್ದೆ. ನಿನ್ನ ಡಬ್ಬಿ ಮುಟ್ಟಿದವರನ್ನು ನೀನು ಎಂದಾದರೂ ಬಿಟ್ಟಿದ್ದೀಯಾ? ಆದರೆ ನೀನು ತಣ್ಣಗೆ, “ಬಾಳ ಚಂದ ಕಾಣತಾವ್ರಿ, ಹಿಂಗ ಇರ್ಲಿ” ಎಂದೆ. ದಾರದ ಮಾತು ಎತ್ತಲಿಲ್ಲ. ಸಾಲು ಬದಲಾದ ಮಾತು ಎತ್ತಲಿಲ್ಲ. ಬೈಗುಳ ಬಾರದೆ ಇದ್ದುದಕ್ಕೆ ನನಗೆ ಯಾಕೋ ಒಂಥರಾ ಆಯಿತು.

ಅದೇ ಸಂಜೆ ಪಕ್ಕದ ಮನೆಯ ತಂಗೆವ್ವ ಬಂದಳು. ಮೆಣಸಿನಕಾಯಿ ಬಜ್ಜಿಗೆ ಚಿಟಿಕೆ ಸೋಡಾ ಬೇಕಿತ್ತಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಡಬ್ಬಿಗಳ ಸಾಲನ್ನು ನೋಡಿ ಒಳಗೆ ಬರಲೇ ಇಲ್ಲ. “ಕಾಡಪ್ಪಾ, ಡಬ್ಬಿ ದಾರ ಎಲ್ಲಿ ಹೋದ್ವು?” ಎಂದು ಕೇಳಿದಳು. ಒಲೆಗೆ ಹಾಕಿದೆ ಎಂದು ನಗುತ್ತ ಹೇಳಿದೆ. ಅವಳು ಹೊಸ್ತಿಲ ಮೇಲೆಯೇ ಕುಕ್ಕರಿಸಿದಳು. “ಅಕಿ ಕಣ್ಣ ಒಲಿಗೆ ಹಾಕಿದಂಗಾತಲ್ಲೋ ಯಪ್ಪಾ” ಎಂದಳು.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳು ಎಂದು ಹಟ ಹಿಡಿದೆ. ತಂಗೆವ್ವನ ಮೇಲೆ ಸಿಟ್ಟಾಗಬೇಡ. ನೀನು ಅವಳಿಂದ ಆಣೆ ಹಾಕಿಸಿಕೊಂಡಿದ್ದೀಯಂತೆ, ಹೇಳುವಾಗ ಎರಡು ಸಲ ಕೆನ್ನೆ ಬಡಿದುಕೊಂಡಳು. ಹೋದ ವರ್ಷದ ಮಳೆಗಾಲದಿಂದ ನಿನಗೆ ಎಲ್ಲವೂ ಹೊಗೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎಂದಳು. ಸಣ್ಣಕ್ಷರ ಕಾಣುವುದಿಲ್ಲ, ದೊಡ್ಡ ಬೋರ್ಡು ಹತ್ತಿರ ಹೋದರೆ ಕಾಣುತ್ತದೆ ಎಂದಳು. ಉಪ್ಪಿಗೆ ಒಂದು ಸುತ್ತು, ಸೋಡಾಕ್ಕೆ ಎರಡು, ರಂಗೋಲಿಗೆ ಗಂಟು ಎಂದು ನೀವಿಬ್ಬರೂ ಕುಳಿತು ದಾರ ಕಟ್ಟಿದಿರಂತೆ. ನನ್ನ ಮನೆಯಲ್ಲಿ, ನಾನು ಹೊರಗೆ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದಾಗ. ಎಲ್ಲಕ್ಕಿಂತ ನನ್ನ ಜೀವ ಝಲ್ಲೆನ್ನಿಸಿದ ಮಾತು ಇನ್ನೊಂದು. ನೀನು ಉಳ್ಳಾಗಡ್ಡಿಯ ರಸಕ್ಕೆ ಜೇನು ಕಲಸಿ ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದೀಯಂತೆ. ಹಂಡೆಗೆ ಹುಣಸೆಹಣ್ಣು ಹಚ್ಚಿದ ಹಾಗೆ. ಅನ್ನಪೂರ್ಣಾ, ಅದು ಕಣ್ಣು.

ಆ ರಾತ್ರಿಯಿಂದ ಒಂದೊಂದೇ ನೆನಪಾಗುತ್ತಿದೆ. ಚುಕ್ಕಿ ಇಟ್ಟು ಅಂಗಳದ ತುಂಬ ರಂಗೋಲಿ ಹಾಕುತ್ತಿದ್ದವಳು ತೂತಿನ ಕೊಳವೆ ಉರುಳಿಸಲು ಶುರು ಮಾಡಿದಾಗ “ಮೊಣಕಾಲ ಬಗ್ಗವಲ್ದು” ಎಂದೆ, ನಾನು ಮೊಣಕಾಲಿಗೆ ಎಣ್ಣೆ ತಂದುಕೊಟ್ಟೆ. ಸೂಜಿಗೆ ದಾರ ಪೋಣಿಸಲು ಸಚಿನನನ್ನು ಕರೆದೆ, ಮಗನ ಮೇಲಿನ ಅಕ್ಕರೆ ಎಂದು ನಾನು ಅಂದುಕೊಂಡೆ. ಟಿವಿಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತು ಅತ್ತ ತಿರುಗದೆಯೇ ಧಾರಾವಾಹಿ ಕೇಳುತ್ತಿದ್ದೆ. ಸಂಕ್ರಾಂತಿಯ ಮಾದಲಿಯಲ್ಲಿ ಸಕ್ಕರೆಯ ಬದಲು ಉಪ್ಪು ಬಿದ್ದಾಗ ನಾನೂ ಸಚಿನನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನೀನೂ ನಕ್ಕೆ. ಅದಾದ ಮೇಲೇ ಇರಬೇಕು ಈ ದಾರಗಳು. ತಮ್ಮನ ಮನೆಗೂ ಶಾವಿಗೆಗೇ ಹೋದೆ, ಅಕ್ಕಿ ಹಸನು ಮಾಡಲು ಮಾತ್ರ ಒಲ್ಲೆ ಎಂದೆ. ಶಾವಿಗೆ ಬೆರಳಿನ ಕೆಲಸ, ಹರಳು ಆರಿಸುವುದು ಕಣ್ಣಿನ ಕೆಲಸ. ಬಸ್‌ಸ್ಟ್ಯಾಂಡಿನಲ್ಲಿ ನಾನು ಬೀಳ್ಕೊಡಲು ಬಂದಾಗ ನೀನು ಪಕ್ಕದವಳನ್ನು “ಇದು ರಾಮದುರ್ಗದ್ದಽ ಏನವ್ವಾ?” ಎಂದು ಕೇಳಿದೆ. ಬೋರ್ಡು ನಿನ್ನ ನೆತ್ತಿಯ ಮೇಲೇ ಇತ್ತು. ಸಾವಿರ ಮುಖಗಳಲ್ಲಿ ಟಿಕೆಟ್ ತೆಗೆಯದವನ ಮುಖವನ್ನು ಹಿಂದಿನ ಬಾಗಿಲಿನಿಂದಲೇ ಹಿಡಿಯುತ್ತಿದ್ದ ಕಂಡಕ್ಟರ್ ಪಕ್ಕದಲ್ಲೇ ನಿಂತಿದ್ದ, ಅವನಿಗೆ ಹೊಳೆಯಲಿಲ್ಲ.

ನಿನ್ನ ಮೇಲೆ ಸಿಟ್ಟೂ ಬಂದಿದೆ, ಮುಚ್ಚಿಡುವುದಿಲ್ಲ. ತಂಗೆವ್ವನಿಗೆ ಹೇಳಿದವಳು ನನಗೆ ಯಾಕೆ ಹೇಳಲಿಲ್ಲ? ಕಾರಣವನ್ನೂ ಅವಳೇ ಹೇಳಿದಳು. ನಿನ್ನ ಅವ್ವ ಕಣ್ಣಿನ ಶಿಬಿರಕ್ಕೆ ಹೋಗಿ ಬಂದು ಒಂದು ಕಣ್ಣು ಕಳೆದುಕೊಂಡಳು, ಆಸ್ಪತ್ರೆ ಎಂದರೆ ನಿನಗೆ ಆ ಪಟ್ಟಿ ಕಟ್ಟಿದ ಮುಖವೇ ನೆನಪಾಗುತ್ತದೆ. ಅದು ನನಗೂ ಗೊತ್ತು, ಆ ಭಯಕ್ಕೆ ನಾನು ನಗುವುದಿಲ್ಲ. ಇನ್ನೊಂದು ಕಾರಣ ಮಾತ್ರ ನನಗೆ ಗೊತ್ತಿರಲಿಲ್ಲ. ಸುರಗಿ. ಮದುಮಕ್ಕಳನ್ನು ನಡುವೆ ಕೂರಿಸಿ, ನಾಲ್ಕು ಮೂಲೆಯ ತಂಬಿಗೆಗಳಿಗೆ ದಾರ ಸುತ್ತಿ ನೀರೆರೆಯುವಾಗ ನಿಮ್ಮ ಮನೆತನದಲ್ಲಿ ಸೋದರತ್ತೆಯೇ ಮೊದಲ ಸುತ್ತು ಹಾಕಬೇಕು. ಶಿವಲಿಂಗನಿಗೆ ಇರುವವಳು ನೀನೊಬ್ಬಳೇ. ಗೊತ್ತಾದರೆ “ಪಾಪ, ಕಣ್ಣ ಕಾಣೂದಿಲ್ಲ, ಎಡವತಾಳ, ಅಲ್ಲೇ ಕುಂದರಸ್ರಿ” ಎಂದುಬಿಡುತ್ತಾರೆ ಎಂದು ನೀನು ಕಣ್ಣೀರು ಹಾಕಿದೆಯಂತೆ. ಆ ಕೂಸನ್ನು ಎತ್ತಿ ಆಡಿಸಿದವಳು ನೀನು. ಯಾರು ಕೂರಿಸುತ್ತಾರೋ ನೋಡುತ್ತೇನೆ.

ನಿನ್ನೆ ಬೈಲಹೊಂಗಲಕ್ಕೆ ಹೋಗಿ ಕಣ್ಣಿನ ಡಾಕ್ಟರನ್ನು ಕಂಡು ಬಂದೆ. ಹೆಣ್ಣುಮಗಳು, ಇನ್ನೂ ಚಿಕ್ಕ ವಯಸ್ಸು. ಎಲ್ಲವನ್ನೂ ಹೇಳಿದೆ, ದಾರದ ಕಥೆಯನ್ನೂ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ ಕೇಳಿದಳು. ಪೊರೆ ಇರಬೇಕು ಎಂದಳು, ಆದರೆ “ಅವರನ್ನ ನೋಡದಽ ನಾ ಹೆಂಗ ಹೇಳ್ಲಿ ಅಜ್ಜಾರ, ಕರಕೊಂಡ ಬರ್ರಿ” ಎಂದಳು. ನನ್ನನ್ನು ಅಜ್ಜ ಎಂದದ್ದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಬೋಗುಣಿಯ ಕಪ್ಪು ಸೋಡಾದಿಂದ ಬಿಟ್ಟಿತು, ಈ ಪೊರೆಗೆ ಅಂಥದ್ದೇನಾದರೂ ಇದೆಯೇ ಎಂದು ಕೇಳಿಯೂ ಬಿಟ್ಟೆ. ಆಕೆ ನಕ್ಕಳು. ಉಳ್ಳಾಗಡ್ಡಿ, ಜೇನು ಎಂದ ಕೂಡಲೇ ನಗು ನಿಂತಿತು. ಅದನ್ನು ಇವತ್ತಿನಿಂದಲೇ ಬಿಡಬೇಕು, ಅಡುಗೆಮನೆಯ ಯಾವ ವಸ್ತುವೂ ಕಣ್ಣೊಳಗೆ ಹೋಗಕೂಡದು ಎಂದು ಬೆರಳೆತ್ತಿ ಹೇಳಿದಳು. ಪೊರೆಯೇ ಆದರೆ ಅದನ್ನು ತೆಗೆದು ಒಳಗೊಂದು ಮಸೂರ ಇಡುತ್ತಾರಂತೆ, ನಿನ್ನ ಅವ್ವನ ಕಾಲದ ಹಾಗೆ ಅಲ್ಲವಂತೆ. ಹಣ್ಣಾಗಿ ಗಟ್ಟಿಯಾಗಲು ಬಿಟ್ಟರೆ ಮಾತ್ರ ಕಷ್ಟ ಎಂದಳು. ಅಂದರೆ ನೀನು ಮುಚ್ಚಿಟ್ಟಷ್ಟೂ ಅದು ಗಟ್ಟಿಯಾಗುತ್ತಿದೆ. ಆಪರೇಶನ್ ಆದ ಮೇಲೆ ಕೆಲವು ವಾರ ಹೊಗೆ ಇಲ್ಲ, ಒಲೆ ಇಲ್ಲ, ಬಗ್ಗಿ ಉಜ್ಜುವುದು ಇಲ್ಲ, ತಲೆಗೆ ನೀರಿಲ್ಲ. ಮನೆ ಯಾರು ನೋಡುತ್ತಾರೆ ಎಂದು ಆಕೆ ಕೇಳಿದಳು. ನಾನು ಎದೆ ಸೆಟೆಸಿ ನಾನೇ ಎಂದೆ. ಕಪ್ಪಿಗೆ ಉಪ್ಪು, ಲಿಂಬೆ. ಹಂಡೆಗೆ ಹುಣಸೆಹಣ್ಣು. ಬೆಳ್ಳಿಗೆ ವಿಭೂತಿ. ನಾನು ಪರೀಕ್ಷೆಗೆ ಕೂರಬಲ್ಲೆ.

ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಡಬ್ಬಿಗಳನ್ನು ನೀನು ಇಟ್ಟ ಜಾಗಕ್ಕೇ ಇಡಲು ನೋಡಿದೆ, ಗೋಡೆಯ ಹಲಗೆಯ ಮೇಲೆ ಉಳಿದಿದ್ದ ದುಂಡನೆಯ ಗುರುತು ಹಿಡಿದು. ಆಮೇಲೆ ಕಣ್ಣು ಮುಚ್ಚಿ ಚಹಾ ಮಾಡಿದೆ. ಸಚಿನನಿಗೆ, ಹತ್ತಿರ ನಿಂತುಕೋ, ಒಲೆ ಮಾತ್ರ ನೀನು ಹಚ್ಚು ಎಂದೆ. ಕೈ ಸುಟ್ಟಿತು, ಸ್ವಲ್ಪ. ಕಪ್ಪು ಸಿಗಲು ಗೋಡೆ ತಡವಿದೆ. ಉಪ್ಪು ಹಾಕಿದ್ದೆ. ಅವನು ಅಷ್ಟೂ ಚಹಾ ಕುಡಿದ, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನೀನು ಇಷ್ಟು ತಿಂಗಳು ದಿನಕ್ಕೆ ಮೂರು ಸಲ ಇದನ್ನು ಮಾಡಿ, ನಗುನಗುತ್ತ ನಮ್ಮ ಮುಂದೆ ಇಟ್ಟೆ. ನನಗೆ ನಂಬಲಿಕ್ಕೇ ಆಗುತ್ತಿಲ್ಲ.

ವೀರಪ್ಪನಿಗೂ ಶಿವಲಿಂಗನಿಗೂ ನನ್ನ ಆಶೀರ್ವಾದ ತಿಳಿಸು. ಅಲ್ಲಿನ ಹಿರಿಯರಿಗೆ ಶರಣು ಹೇಳು. ಸಚಿನ ನಿನ್ನ ಕಾಲು ಮುಟ್ಟಿದ್ದಾನೆ. ನಿನ್ನ ಮೈ, ಮನಸ್ಸು, ಕಣ್ಣು ಮೂರನ್ನೂ ಶಿವ ಕಾಯಲಿ.

ನಿನ್ನ
ಕಾಡಪ್ಪ

ತಾ.ಕ.: ನೀಲಪ್ಪನ ಬಸ್ಸು ಬಂತು, ಹಾರ್ನ್ ಹೊಡೆಯುತ್ತಿದ್ದಾನೆ. ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಶುಕ್ರವಾರಕ್ಕೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿ ಬಂದಿದ್ದೇನೆ. ಯಾರಿಗೂ ಏನೂ ಹೇಳಬೇಡ, ಗಂಡ ಒಂದು ಚಹಾ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದಾನೆ ಎನ್ನು, ಸುಳ್ಳಲ್ಲ. ಈಗ ಹೋದರೆ ಅಕ್ಷಯ ತದಿಗೆಯ ಮದುವೆಯ ಹೊತ್ತಿಗೆ ಕಣ್ಣು ತಿಳಿಯಾಗುತ್ತದೆ ಎಂಬ ಆಸೆ ಇದೆ ಎಂದು ಡಾಕ್ಟರ್ ಹೇಳಿದ್ದಾಳೆ. ಆಗಲಿ, ಬಿಡಲಿ, ಸುರಗಿಯ ಮೊದಲ ಸುತ್ತು ನಿನ್ನದೇ, ನಿನ್ನ ಪಕ್ಕದಲ್ಲಿ ನಾನು ನಡೆಯುತ್ತೇನೆ. ಹೊಸ ದಾರ ತಂದು ಉಪ್ಪಿಗೆ, ಸೋಡಾಕ್ಕೆ, ರಂಗೋಲಿಗೆ ಕಟ್ಟಿದ್ದೇನೆ. ಉಳಿದ ಡಬ್ಬಿಗಳ ಲೆಕ್ಕ ತಂಗೆವ್ವನಿಗೂ ನೆನಪಿಲ್ಲ, ಬಂದು ನೀನೇ ಹೇಳು. ಈ ಸಲ ಗಟ್ಟಿ ಗಂಟು ಹಾಕಿಲ್ಲ. ಎಳೆದರೆ ಬಿಚ್ಚುವ ಹಾಗೆ ಕಟ್ಟಿದ್ದೇನೆ.